ಹೊಳೆಗೆ ವಿಷ, ಬಿಸಿಲಿನ ಮೇಲೆ ಭಾರ

ಮಾರ್ಚ್ ಬಂತೆಂದರೆ ಮಲೆನಾಡು, ಕರಾವಳಿಯ ಸಣ್ಣ ಹೊಳೆಗಳಲ್ಲಿ ಹರಿವು ನಿಂತು ಗುಂಡಿಗಳಷ್ಟೇ ಉಳಿಯುತ್ತವೆ. ಮೀನೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಗಾಳ ಹಾಕಿ ಕೂರುವ ತಾಳ್ಮೆ ಇಲ್ಲದ ಕೆಲವರು ರಾತ್ರೋರಾತ್ರಿ ಮೈಲುತುತ್ತನ್ನೋ ತೋಟಕ್ಕೆ ತಂದ ಕೀಟನಾಶಕವನ್ನೋ ಸುರಿದುಬಿಡುತ್ತಾರೆ. ಕೇಳಿದರೆ ಉತ್ತರ ಸಿದ್ಧ: 'ಎರಡು ದಿನ ಬಿಸಿಲು ಬಿದ್ರೆ ಎಲ್ಲ ಹೋಗ್ತದೆ ಮಾರಾಯ್ರೆ.'

ಈ ಮಾತು ಪೂರ್ತಿ ಸುಳ್ಳಲ್ಲ. ಅಪಾಯ ಇರುವುದೇ ಅಲ್ಲಿ.

ಬಿಸಿಲಿಗೆ ಒಡೆಯುವ ಮೀನುವಿಷವೂ ಉಂಟು: ಡೆರಿಸ್ ಬಳ್ಳಿಯ ಬೇರಿನಲ್ಲಿರುವ ರೋಟೆನೋನ್. ಕೆರೆಗೆ ಹೊಕ್ಕ ಬೇಡದ ಮೀನುಗಳನ್ನು ತೆಗೆಯಲು ಅಮೆರಿಕದಲ್ಲಿ ದಶಕಗಳಿಂದ ಬಳಕೆಯಲ್ಲಿರುವುದು ಇದೇ. ಕಿವಿರಿನಿಂದ ಒಳಹೊಕ್ಕು, ಜೀವಕೋಶಗಳು ಆಮ್ಲಜನಕ ಬಳಸದಂತೆ ತಡೆಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಇದರ ಅಣು ಒಡೆಯುತ್ತದೆ, ನಿಜ. 24 ಡಿಗ್ರಿ ಸೆಲ್ಸಿಯಸ್‌ನ ಕೊಳದಲ್ಲಿ ಸುಮಾರು 14 ಗಂಟೆಗೆ ಅರ್ಧಕ್ಕಿಳಿದದ್ದುಂಟು. ಹಿಮದಷ್ಟು ತಣ್ಣನೆಯ ನೀರಿನಲ್ಲಿ ಅದಕ್ಕೇ ಮೂರು ದಿನ ದಾಟಿದೆ. ನೀರು ಆಳವಿದ್ದರೆ, ಕದಡಿದ್ದರೆ ಕಿರಣ ತಳ ಮುಟ್ಟುವುದೇ ಇಲ್ಲ. ಅಮೆರಿಕದ ತಜ್ಞರೂ ಸೂರ್ಯನನ್ನು ನಂಬಿ ಕೂರುವುದಿಲ್ಲ; ಕೆಳಗಿನ ಹೊಳೆಗೆ ವಿಷ ಹರಿಯದಂತೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸುತ್ತಾರೆ.

ಮೈಲುತುತ್ತಿನ ಕಥೆಯೇ ಬೇರೆ. ಅದರಲ್ಲಿರುವುದು ತಾಮ್ರ, ಅದು ಮೂಲಧಾತು. ಎಷ್ಟು ಬಿಸಿಲು ಕಾದರೂ ಒಡೆಯದೆ ಕೆಸರಿಗಿಳಿದು ಕೂರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ ಎಂಡೋಸಲ್ಫಾನ್ ಕೀಟನಾಶಕ ಕೂಡ ಬಿಸಿಲಿಗೆ ಜಗ್ಗುವಂಥದ್ದಲ್ಲ. ಅದು ಮಾರ್ಪಟ್ಟು ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ. ಎಂಡೋಸಲ್ಫಾನ್‌ನಿಂದ ನರಳಿದ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಂಗೆ, ನೇರಳೆ ಮರಗಳು ಬಾಗಿ ನಿಂತ ಗುಂಡಿಗೆ ಬಿಸಿಲು ಬೀಳುವುದಾದರೂ ಎಷ್ಟು ಹೊತ್ತು? ಬಿದ್ದರೂ, ರಾತ್ರಿ ಸುರಿದ ವಿಷ ಬೆಳಗಾಗುವುದರೊಳಗೆ ತನ್ನ ಕೆಲಸ ಮುಗಿಸಿರುತ್ತದೆ. ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ, ಹೊಟ್ಟೆ ಮೇಲಾಗಿ ತೇಲುತ್ತವೆ. ದೊಡ್ಡವು ಚೀಲ ಸೇರುತ್ತವೆ. ಬೆರಳುದ್ದದ ಮರಿ, ಸಿಗಡಿ, ಏಡಿಗಳನ್ನು ಯಾರೂ ಹೆಕ್ಕುವುದಿಲ್ಲ, ಅಲ್ಲೇ ಕೊಳೆಯುತ್ತವೆ.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳನ್ನು ದೇವರ ಮೀನೆಂದೇ ಸಾಕಿದ್ದರು. 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿ ಅವನ್ನು ರಾಶಿರಾಶಿಯಾಗಿ ಕೊಂದರು. ಸತ್ತ ಮೀನುಗಳಿಗೆ ಊರವರು ಸ್ಮಾರಕವನ್ನೇ ಕಟ್ಟಿದರು.

ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿದೆ. ಆದರೆ ಕಾಯ್ದೆ ಹೊಳೆ ಕಾಯಲು ಬರುವುದಿಲ್ಲ, ಹೊಳೆದಂಡೆಯವರೇ ಕಾಯಬೇಕು. ವಿಷದ ಮೀನೆಂಬ ಅನುಮಾನ ಬಂದರೆ ಅಗ್ಗಕ್ಕೆ ಸಿಕ್ಕಿತೆಂದು ಯಾರೂ ಕೊಳ್ಳಬಾರದು. ಮೀನು ತೇಲಿದ್ದು ಕಂಡ ಕೂಡಲೇ ಗ್ರಾಮ ಪಂಚಾಯಿತಿಗೆ, ಮೀನುಗಾರಿಕೆ ಇಲಾಖೆಗೆ ತಿಳಿಸಲಿ. ಕೆಳಗಿನ ಮನೆಗಳಿಗೂ ಅಂದೇ ಹೇಳಿ ಕಳಿಸಲಿ: ದನಕರುಗಳನ್ನು ಆ ನೀರಿಗೆ ಬಿಡಬೇಡಿ, ಪಂಪ್ ಹಾಕಬೇಡಿ.