ಅಕ್ಕನನ್ನು ವಾಪಸ್ ಕಳಿಸಿದವರು ನಾವೇ

ಈ ಸಲ ಈ ಪುಟದಲ್ಲಿ ಸಾಹುಕಾರರ ಬಗ್ಗೆ ಬರೆಯುತ್ತಿಲ್ಲ. ಪೊಲೀಸರ ಬಗ್ಗೆಯೂ ಅಲ್ಲ, ಮಂತ್ರಿಗಳ ಬಗ್ಗೆಯೂ ಅಲ್ಲ. ನಮ್ಮ ಬಗ್ಗೆಯೇ ಬರೆಯುತ್ತಿದ್ದೇವೆ. ಓದಿ ಸಿಟ್ಟು ಬಂದರೆ ಬರಲಿ. ನಮಗೂ ನಮ್ಮ ಮೇಲೆ ಸಿಟ್ಟು ಬಂದಿದೆ.

ಹೋದ ಮಳೆಗಾಲದ ಒಂದು ಸಂಜೆ ನಮ್ಮ ಹಾಸ್ಟೆಲ್ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದುಕೊಂಡು ಇನ್ನೊಂದು. ನಮ್ಮ ರೂಮಿನ ಗೆಳೆಯನ ಅಕ್ಕ. ಮೂರು ಬಸ್ಸು ಬದಲಿಸಿ ಬಂದಿದ್ದಳು. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅದಿಲ್ಲದಿದ್ದರೆ ಊರ ಗಡಿ ದಾಟೋಕೂ ಅವಳ ಹತ್ತಿರ ಕಾಸಿರಲಿಲ್ಲ. ಎಡಗಣ್ಣಿನ ಕೆಳಗೆ ಕಪ್ಪಗೆ ಬಾತಿತ್ತು. "ಬಚ್ಚಲಲ್ಲಿ ಜಾರಿ ಬಿದ್ದೆ ಕಣ್ರಪ್ಪ" ಅಂದಳು ನಮಗೆ. ತಮ್ಮನ ಮುಖ ನೋಡಿದ ಮೇಲೆ, "ಇನ್ನಾಗಲ್ಲ ಕಣೋ, ನಾ ಅಲ್ಲಿಗೆ ಹೋಗಲ್ಲ" ಅಂದಳು.

ನಾವೇನು ಮಾಡಿದೆವು? ಹುಡುಗರ ಹಾಸ್ಟೆಲ್ಲಿನಲ್ಲಿ ಹೆಂಗಸನ್ನು ಇಟ್ಟುಕೊಳ್ಳೋ ಹಾಗಿಲ್ಲ. ಟೀ ಅಂಗಡಿಯಲ್ಲಿ ಕೂರಿಸಿ ಮಕ್ಕಳಿಗೆ ಬನ್ನು ಕೊಡಿಸಿದೆವು. ಆಮೇಲೆ ನಾಲ್ಕು ಜನ ಸೇರಿ ನ್ಯಾಯ ಶುರು ಮಾಡಿದೆವು. ಭಾವನಿಗೆ ಫೋನು ಮಾಡಿದೆವು. ಭಾವ ನಮಗೆ ಗೊತ್ತಿದ್ದವನೇ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಮುಂದೆ ನಿಂತು ತಮಟೆ ಬಡಿದವನು. ಫೋನಿನಲ್ಲಿ ಅತ್ತ. "ಕುಡಿದಿದ್ದೆ ಕಣ್ರಪ್ಪ, ಇನ್ಮೇಲೆ ಕೈ ಎತ್ತಲ್ಲ, ಬಾಬಾಸಾಹೇಬರಾಣೆ" ಅಂದ. ನಮಗೆ ಅಷ್ಟು ಸಾಕಾಯಿತು. ಪರಿಚಯದವರ ಮನೆಯಲ್ಲಿ ಒಂದು ರಾತ್ರಿ ಮಲಗಿಸಿ, ಬೆಳಿಗ್ಗೆ ಅಕ್ಕನನ್ನು ಅದೇ ಊರಿನ ಬಸ್ಸಿಗೆ ಹತ್ತಿಸಿದೆವು. "ಮಕ್ಕಳ ಮುಖ ನೋಡಕ್ಕ" ಅಂತ ಬುದ್ಧಿ ಬೇರೆ ಹೇಳಿದೆವು. ಬಸ್ಸು ಹೋದ ಮೇಲೆ, ಒಂದು ಸಂಸಾರ ಉಳಿಸಿದೆವು ಅಂದುಕೊಂಡು ಟೀ ಕುಡಿದೆವು.

ಇಪ್ಪತ್ತು ದಿನದ ಮೇಲೆ ಅಕ್ಕನನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಬಲಗೈ ಮೂಳೆ ಮುರಿದಿತ್ತು. "ಓಡಿಹೋಗಿದ್ದೆ ಅಂತ ಹೊಡೆದ" ಅಂದಳು. ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು, ಊರು ಬರೆಯೋದಿಲ್ಲ. ನಿಮ್ಮೂರು ಅಂತಲೇ ತಿಳಕೊಳ್ಳಿ.

ನಾವು ಯಾಕೆ ಹಾಗೆ ಮಾಡಿದೆವು? ಅವತ್ತಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇವೆ. ಮೊದಲನೆಯದು, ಕೇರಿಯ ಮಾನ. ಸ್ಟೇಷನ್ನಿಗೆ ಹೋದರೆ ಮೇಲುಕೇರಿಯವರು ನಗ್ತಾರೆ, "ನೋಡ್ರೋ ಅವರ ಬಾಳು" ಅಂತಾರೆ ಅನ್ನೋ ಹೆದರಿಕೆ. ಹಾಗಾದರೆ ಕೇರಿಯ ಮಾನ ಇರೋದು ಎಲ್ಲಿ? ಅಕ್ಕನ ಮುರಿದ ಕೈಯಲ್ಲೋ? ಅವರು ನಗದಿರಲಿ ಅಂತ ನಮ್ಮವಳು ಅಳಬೇಕು ಅನ್ನೋದು ಯಾವ ಸ್ವಾಭಿಮಾನ?

ಎರಡನೆಯದು, ನಾವೇ ಭಾಷಣದಲ್ಲಿ ಹೇಳೋ ಮಾತು. ಹಗಲೆಲ್ಲ ಸಾಹುಕಾರನ ಹೊಲದಲ್ಲಿ ಬೈಸಿಕೊಂಡು ಬಂದವನು ರಾತ್ರಿ ಆ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಾನೆ ಅಂತ. ಇದರಲ್ಲಿ ಸುಳ್ಳಿಲ್ಲ. ಆದರೆ ಅವಳೂ ಅದೇ ಹೊಲದಲ್ಲಿ, ಅವನಿಗಿಂತ ಕಮ್ಮಿ ಕೂಲಿಗೆ ಬೈಸಿಕೊಂಡೇ ಬಂದಿರುತ್ತಾಳೆ. ಬಂದು ಒಲೆ ಹಚ್ಚಿರುತ್ತಾಳೆ. ಅವಳು ತನ್ನ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು? ಸಾಹುಕಾರನ ಮುಂದೆ ಕೈ ಕಟ್ಟಿ ನಿಲ್ಲೋನಿಗೆ ಮನೆಯಲ್ಲಿ ಕೈ ಎತ್ತೋಕೆ ಧೈರ್ಯ ಬರುತ್ತೆ ಅಂದರೆ ಅದು ಬರೀ ಸಿಟ್ಟಲ್ಲ, ಲೆಕ್ಕಾಚಾರ. ಎಲ್ಲಿ ಹೊಡೆದರೆ ತಿರುಗಿ ಏಟು ಬೀಳಲ್ಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು.

ಮೂರನೆಯದು, ಕುಡಿತ. ಎಲ್ಲ ತಪ್ಪನ್ನೂ ಬಾಟಲಿಯ ತಲೆಗೆ ಕಟ್ಟೋದು ನಮಗೆ ಸುಲಭ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಅಕ್ಷರ ಕಲಿಯೋಕೆ ಕೂತ ಬಡ ಹೆಂಗಸರೇ ಎದ್ದು ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ದೊಡ್ಡ ಹೋರಾಟ, ಕುಡಿತದಿಂದ ಮನೆ ಹಾಳಾಗೋದು ನಿಜ. ನಮ್ಮ ರಾಜ್ಯದಲ್ಲೂ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಏಟು ನಿಂತಿತೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2015-16ರಲ್ಲಿ ಕರ್ನಾಟಕದಲ್ಲಿ ಕೇಳಿದಾಗ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದವರು ನೂರಕ್ಕೆ 20.6. 2019-21ರಲ್ಲಿ ಕೇಳಿದಾಗ 44.4. ಇಡೀ ದೇಶದಲ್ಲೇ ಅದು ಹೆಚ್ಚಿನದು. ಕುಡಿಯದೆ ಹೊಡೆಯೋರೂ ಇದ್ದಾರೆ. ಕುಡಿದರೂ ಹೊಡೆಯದೋರೂ ಇದ್ದಾರೆ. ಕುಡಿದ ಅಮಲಲ್ಲೂ ಭಾವ ಸಾಹುಕಾರನ ಮನೆ ಬಾಗಿಲಿಗೆ ಕಲ್ಲು ಹೊಡೆದಿಲ್ಲ.

ಈ 44.4 ಎಲ್ಲ ಜಾತಿಗೂ ಸೇರಿದ ಲೆಕ್ಕ. ತಾರಸಿ ಮನೆಯ ಏಟಿನ ಸದ್ದು ಗೋಡೆ ದಾಟೋದಿಲ್ಲ, ನಮ್ಮ ಕೇರಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರೋದರಿಂದ ಕೇಳುತ್ತೆ. ಆದರೆ ಕೇಳಿಸಿಕೊಂಡವರು ಏನು ಮಾಡುತ್ತೇವೆ ಅನ್ನೋದು ನಮ್ಮ ಲೆಕ್ಕ. ಅದೇ ಸಮೀಕ್ಷೆ ಹೇಳೋ ಹಾಗೆ, ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರ ಹತ್ತಿರವಾದರೂ ನೆರವು ಕೇಳಿದವರು ನೂರಕ್ಕೆ 14. ಅಕ್ಕ ಆ ಹದಿನಾಲ್ಕರಲ್ಲಿ ಒಬ್ಬಳು. ಬಾಯಿಬಿಟ್ಟು ಕೇಳಿದಳು. ಕೇಳಿದವಳನ್ನು ನಾವು ಬಸ್ಸು ಹತ್ತಿಸಿದೆವು.

ಬಾಬಾಸಾಹೇಬರ ಆಣೆ ಹಾಕೋ ಭಾವನಿಗೂ, ಅದನ್ನು ನಂಬಿದ ನಮಗೂ ಒಂದು ಮಾತು. 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ್ದ ಸಾವಿರಾರು ದಲಿತ ಹೆಂಗಸರಿಗೆ ಬಾಬಾಸಾಹೇಬರು, ಹೆಂಡತಿಯಾದವಳು ಗಂಡನಿಗೆ ಗೆಳತಿಯಾಗಿ ಸಮಸಮಕ್ಕೆ ನಿಲ್ಲಬೇಕು, ಗುಲಾಮಳಾಗೋದಕ್ಕೆ ಒಪ್ಪಬಾರದು ಅಂತ ತಿಳಿಹೇಳಿದರು. ಹೆಣ್ಣಿಗೆ ಆಸ್ತಿಯ ಹಕ್ಕು, ವಿಚ್ಛೇದನದ ಹಕ್ಕು ಕೊಡೋ ಹಿಂದೂ ಕೋಡ್ ಬಿಲ್ಲನ್ನು ಮುಂದಕ್ಕೆ ಬಿಡದೆ ಹೋದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. ಅದಕ್ಕೂ ಮುಂಚೆ, 1863ರಲ್ಲೇ, ಜೋತಿಬಾ ಮತ್ತು ಸಾವಿತ್ರಿಬಾಯಿ ಪುಣೆಯಲ್ಲಿ ಬಸುರಾದ ವಿಧವೆಯರಿಗೆ ಆಸರೆಯ ಮನೆ ತೆರೆದರು. ಬಂದವರಲ್ಲಿ ಬ್ರಾಹ್ಮಣ ವಿಧವೆಯರೇ ಹೆಚ್ಚು. ತಮ್ಮನ್ನು ತುಳಿದ ಜಾತಿಯ ಹೆಣ್ಣಿಗೂ ಅವರು ಬಾಗಿಲು ತೆಗೆದರು. ನಮ್ಮ ಅಕ್ಕನಿಗೆ ನಾವು ತೆಗೆಯಲಿಲ್ಲ. ಪಟ ಮಾತ್ರ ರೂಮಿನ ಗೋಡೆ ಮೇಲಿದೆ.

ಈಗ ಎರಡನೇ ಸಲದ ಕಥೆ.

ಆಸ್ಪತ್ರೆಯಲ್ಲಿ ನಾವು ಮೊದಲ ಸಲ ಅಕ್ಕನನ್ನು ಕೇಳಿದೆವು: "ಅಕ್ಕ, ನಿನಗೇನು ಬೇಕು?" ನಾವು ಅಂದುಕೊಂಡಿದ್ದು ಡೈವೋರ್ಸೋ, ತವರೋ ಅಂತಾಳೆ ಅಂತ. ಅಕ್ಕ ಅಂದಿದ್ದು ಬೇರೆ: "ಮನೆ ಹಕ್ಕುಪತ್ರ ನನ್ನ ಹೆಸರಲ್ಲದೆ. ಗೋಡೆಗೆ ಮಣ್ಣು ಹೊತ್ತೋಳು ನಾನು. ನಾನ್ಯಾಕೆ ಹೊರಗೆ ಹೋಗ್ಲಿ? ಅವನು ಹೋಗ್ಲಿ." ಬಿ.ಎ. ಓದಿದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಕಾನೂನು ಅವಳ ಮಾತನ್ನೇ ಹೇಳುತ್ತೆ ಅಂತ ಆಮೇಲೆ ಗೊತ್ತಾಯಿತು.

ದಾರಿ ತೋರಿಸಿದವರು ಅಂಗನವಾಡಿ ಟೀಚರು. ಅವರ ಮೇಲಧಿಕಾರಿ ಸಿಡಿಪಿಒ. ನಮ್ಮ ರಾಜ್ಯದಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಕೆಳಗೆ ಸಂರಕ್ಷಣಾಧಿಕಾರಿ ಅಂದರೆ ಅವರೇ. ಈ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆಯೋದು ಮಾತ್ರ ಹಿಂಸೆ ಅಲ್ಲ. ಬೈದು ಕುಗ್ಗಿಸೋದು, ಬಲವಂತದ ಸಂಭೋಗ, ಕೂಲಿ ದುಡ್ಡು ಕಿತ್ತುಕೊಳ್ಳೋದು, ಮನೆ ಖರ್ಚಿಗೆ ಕೊಡದೆ ಸತಾಯಿಸೋದು ಎಲ್ಲ ಹಿಂಸೆಯೇ. ಹಿಂಸೆ ಆಗುತ್ತಿದೆ ಅಂತ ಗೊತ್ತಾದ ಯಾರು ಬೇಕಾದರೂ ಅಧಿಕಾರಿಗೆ ತಿಳಿಸಬಹುದು. ಒಳ್ಳೇ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರೋದಿಲ್ಲ. ಅಧಿಕಾರಿ ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಹೊಡೆಯಬಾರದು, ಹತ್ತಿರ ಸುಳಿಯಬಾರದು, ಖರ್ಚಿಗೆ ಕೊಡಬೇಕು, ಮಕ್ಕಳು ತಾಯಿಯ ಹತ್ತಿರ ಇರಬೇಕು ಅಂತ ಕೋರ್ಟು ಆದೇಶ ಮಾಡಬಹುದು. ಗಂಡನೇ ಮನೆ ಬಿಟ್ಟು ಹೋಗಬೇಕು ಅಂತಲೂ ಹೇಳಬಹುದು. ರಕ್ಷಣೆಯ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೆ 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹಕ್ಕುಪತ್ರ ಅವಳ ಹೆಸರಿಗೆ ಇಲ್ಲದಿದ್ದರೂ ಗಂಡನ ಜೊತೆ ಬಾಳಿದ ಮನೆಯಲ್ಲಿ ಇರೋ ಹಕ್ಕು ಅವಳಿಗುಂಟು. ಅತ್ತೆಮಾವಂದಿರ ಹೆಸರಿನ ಮನೆಗೂ ಇದು ಅನ್ವಯಿಸಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ವಕೀಲರಿಗೆ ದುಡ್ಡು ಬೇಕಾಗಲಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಇದು 1987ರ ಕಾಯಿದೆ. ಫೋನು 15100. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಕ್ಕ, ಮಕ್ಕಳು ಸಖಿ ಕೇಂದ್ರದಲ್ಲಿ ಐದು ದಿನ ಇದ್ದರು. ಅಲ್ಲಿ ಇರಿಸಿಕೊಳ್ಳೋದು ಅಷ್ಟೇ ದಿನ. ಆಮೇಲೆ ಚಿಕ್ಕವ್ವನ ಮನೆ. ಯಾರೂ ದಿಕ್ಕಿಲ್ಲದವರಿಗೆ ಶಕ್ತಿ ಸದನ ಅಂತ ಇದೆ, ಹಿಂದಿನ ಸ್ವಾಧಾರ ಗೃಹವೇ ಅದು.

ಎಲ್ಲ ಸಲೀಸಾಗಿ ಆಯಿತು ಅಂತ ಸುಳ್ಳು ಹೇಳಲ್ಲ. ಮೂರು ದಿನದೊಳಗೆ ಮೊದಲ ವಿಚಾರಣೆ, ಅರವತ್ತು ದಿನದಲ್ಲಿ ತೀರ್ಮಾನ ಆಗೋ ಹಾಗೆ ನೋಡಬೇಕು ಅಂತ ಕಾಯಿದೆ ಹೇಳುತ್ತೆ. ಅಕ್ಕನ ಕೇಸು ಇನ್ನೂ ನಡೀತಿದೆ. ಆಫೀಸಿಗೆ ಹೋದಾಗ "ಸಾಹೇಬರು ಮೀಟಿಂಗಲ್ಲಿದ್ದಾರೆ" ಅಂತ ಮೂರು ಸಲ ವಾಪಸ್ ಕಳಿಸಿದರು. ಪ್ರತಿ ಸಲ ಹೋದಾಗಲೂ ಕೂಲಿ ಹೋಯಿತು. ಆದರೆ ಮಧ್ಯಂತರ ಆದೇಶ ಬಂದಿದೆ. ಅಕ್ಕ ತನ್ನ ಮನೆಯಲ್ಲಿದ್ದಾಳೆ. ಭಾವ ಹೊರಗಿದ್ದಾನೆ.

ಇದರಿಂದ ನಾವು ಕಲಿತದ್ದನ್ನು ನಿಮಗೂ ಹೇಳುತ್ತೇವೆ.

ಒಂದು, ನ್ಯಾಯ ಮಾಡಬೇಡಿ. ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಎದುರುಬದುರು ಕೂರಿಸಿದರೆ ಅವಳು ಬಾಯಿ ಬಿಡೋದಿಲ್ಲ. ಬಿಟ್ಟರೆ ರಾತ್ರಿ ಅದಕ್ಕೆ ಬಡ್ಡಿ ಕಟ್ಟುತ್ತಾಳೆ.

ಎರಡು, ಅವಳು ಎಲ್ಲಿದ್ದಾಳೆ ಅಂತ ಯಾರಿಗೂ ಹೇಳಬೇಡಿ. ಹೊರಟು ಬಂದ ಹೊತ್ತೇ ಹೆಚ್ಚು ಅಪಾಯದ ಹೊತ್ತು. ಭಾವನಿಗೆ ಫೋನು ಮಾಡಿದ್ದೇ ನಮ್ಮ ದೊಡ್ಡ ತಪ್ಪು.

ಮೂರು, ಕಾಗದ. ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕು, ಹಕ್ಕುಪತ್ರ ಇವನ್ನೆಲ್ಲ ಮುಂಚೆಯೇ ಫೋಟೋ ತೆಗೆದು ನಂಬಿಕಸ್ತರ ಹತ್ತಿರ ಇಡಿಸಿ. ಡಾಕ್ಟರ ಹತ್ತಿರ "ಜಾರಿ ಬಿದ್ದೆ" ಅನ್ನದೆ ನಿಜ ಹೇಳಿ ಬರೆಸೋಕೆ ಜೊತೆಗೆ ನಿಲ್ಲಿ. ತುರ್ತಿಗೆ 112, ಹೆಂಗಸರ ಸಹಾಯವಾಣಿ 181.

ನಾಲ್ಕು, ಅವಳ ದುಡ್ಡು ಅವಳ ಕೈಗೆ ಬರಬೇಕು. ಗೃಹಲಕ್ಷ್ಮಿಯ 2,000 ಅಕ್ಕನ ಖಾತೆಗೇ ಬರುತ್ತಿತ್ತು, ಆದರೆ ಖಾತೆಗೆ ಕೊಟ್ಟ ಫೋನ್ ನಂಬರು ಭಾವನದು. ಬ್ಯಾಂಕಿಗೆ ಹೋಗಿ ಬದಲಾಯಿಸಿದೆವು. ನಾವು ಮಾಡಿದ್ದರಲ್ಲಿ ಅಕ್ಕನಿಗೆ ಹೆಚ್ಚು ಖುಷಿ ಕೊಟ್ಟ ಕೆಲಸ ಇದೇ.

ಐದು, ಮಕ್ಕಳ ಶಾಲೆ. ಟಿಸಿ ಬರೋದು ತಡವಾಯಿತು ಅಂತ ಸರ್ಕಾರಿ ಶಾಲೆಯಲ್ಲಿ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ.

ಆರು, ಪೊಲೀಸ್ ಕಂಪ್ಲೇಂಟು ಕೊಡಬೇಕೋ ಬೇಡವೋ ಅನ್ನೋದು ಅವಳ ತೀರ್ಮಾನ. ಹಳೇ ಐಪಿಸಿಯ 498ಎ, 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 85ನೇ ಕಲಮು ಆಗಿದೆ. ಮೂರು ವರ್ಷದವರೆಗೆ ಶಿಕ್ಷೆ. ಅವಳು ಕೊಡ್ತೀನಿ ಅಂದರೆ ಸ್ಟೇಷನ್ನಿಗೆ ಒಬ್ಬಳನ್ನೇ ಕಳಿಸಬೇಡಿ. ಬೇಡ ಅಂದರೆ ಹೇಡಿ ಅನ್ನಬೇಡಿ.

ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೆಳತಿಯರೆ, ನಿಮಗೆ ಬುದ್ಧಿ ಹೇಳೋ ಯೋಗ್ಯತೆ ನಮಗಿಲ್ಲ. ಒಂದು ವಿಷಯ ಮಾತ್ರ ತಿಳಿಸುತ್ತೇವೆ. ಜಾತಿ ಮೀರಿ ಮದುವೆಯಾದ ನಮ್ಮ ಹುಡುಗಿಗೆ, ಪರಿಶಿಷ್ಟರಲ್ಲದ ಗಂಡನೋ ಅತ್ತೆಯೋ ಜಾತಿ ಎತ್ತಿ ಹಿಂಸೆ ಕೊಟ್ಟರೆ 1989ರ ದೌರ್ಜನ್ಯ ತಡೆ ಕಾಯಿದೆಯೂ ಇದೆ. ಪ್ರೀತಿಸಿ ಆದ ಮದುವೆ, ಯಾವ ಮುಖ ಹೊತ್ತು ವಾಪಸ್ ಹೋಗಲಿ ಅಂತ ನುಂಗಿಕೊಂಡು ಕೂರಬೇಡಿ. ವಾಪಸ್ ಬರೋರಿಗೆ ಬಾಗಿಲು ತೆಗೆಯೋದು ನಮ್ಮ ಕೆಲಸ.

ಗೆಳೆಯರೆ, ಕೊನೆಗೆ ಭಾವನ ಮಾತು. ಅವನನ್ನು ಸಭೆಗೆ ಸೇರಿಸಬೇಕೋ ಬೇಡವೋ ಅಂತ ಹೋದ ತಿಂಗಳು ರೂಮಿನಲ್ಲಿ ಜಗಳವೇ ಆಯಿತು. "ಒಳ್ಳೇ ಹೋರಾಟಗಾರ, ಮನೆ ವಿಷಯ ಮನೆಗೆ" ಅಂತ ಕೆಲವರು ಅಂದರು. ಊರ ಬಾವಿ ಊರಿನವರ ಮನೆ ವಿಷಯ ಅಂತ ನಮಗೂ ಹಿಂದೆ ಹೇಳಿದ್ದರಲ್ಲ, ನಾವು ಒಪ್ಪಿದೆವೇ? ತೀರ್ಮಾನ ಇಷ್ಟು: ಹೆಂಡತಿಗೆ ಹೊಡೆಯೋನು ನಮ್ಮ ವೇದಿಕೆ ಹತ್ತೋದಿಲ್ಲ, ಮೆರವಣಿಗೆಯಲ್ಲಿ ತಮಟೆ ಬಡಿಯೋದಿಲ್ಲ. ಅವನು ಬದಲಾಗೋದಾದರೆ ಬದಲಾಗಲಿ, ನಾವು ಹಗೆ ಸಾಧಿಸೋರಲ್ಲ. ಆದರೆ ಬದಲಾದ ಅಂತ ಹೇಳಬೇಕಾದವಳು ಅಕ್ಕ, ನಾವಲ್ಲ.

ರಜಕ್ಕೆ ಊರಿಗೆ ಹೋಗುತ್ತೀರಿ. ರಾತ್ರಿ ಪಕ್ಕದ ಮನೆಯಿಂದ ಸದ್ದು ಕೇಳಿದರೆ ಹೊದ್ದುಕೊಂಡು ಮಲಗಬೇಡಿ. ನಾಲ್ಕು ಜನ ಎದ್ದು ಹೋಗಿ ಬಾಗಿಲು ಬಡಿಯಿರಿ. ನಿಮ್ಮ ಹಾಸ್ಟೆಲ್ ಗೇಟಿನ ಹತ್ತಿರ ಇನ್ನೊಬ್ಬ ಅಕ್ಕ ಬಂದು ನಿಂತರೆ ಬುದ್ಧಿ ಹೇಳಬೇಡಿ, ಬಸ್ಸು ಹುಡುಕಬೇಡಿ. ಮೊದಲು ಕೂರಿಸಿ ನೀರು ಕೊಡಿ. ಆಮೇಲೆ ನಾವು ಇಪ್ಪತ್ತು ದಿನ ತಡವಾಗಿ ಕೇಳಿದ ಮಾತನ್ನು ಅವತ್ತೇ ಕೇಳಿ: ಅಕ್ಕ, ನಿನಗೇನು ಬೇಕು?