ವಾಹನದ ಕೀ: ಲೋಹ ನಮ್ಮದು, ಸಂಖ್ಯೆ ಯಾರದು?

ಬೀಗದ ಕೈ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಲ್ಲುಹಲ್ಲಾದ ಒಂದು ಲೋಹದ ತುಂಡು. ಮನೆಯ ಬೀಗದ ಮಟ್ಟಿಗೆ ಈ ಭಾವನೆ ಇಂದಿಗೂ ಸರಿಯೇ. ಮೋಟಾರು ವಾಹನದ ಬೀಗದ ಕೈಗೆ ನಮ್ಮ ಜನ ಕೀ ಎಂದೇ ಹೆಸರಿಟ್ಟಿರುವರು. ನಾವೂ ಹಾಗೆಯೇ ಕರೆಯೋಣ. ಈ ಕೀ ಎಂಬ ವಸ್ತುವಿನ ಸ್ವರೂಪವು ಕಳೆದ ಮೂರು ದಶಕಗಳಲ್ಲಿ ಬುಡದಿಂದಲೇ ಬದಲಾಗಿಹೋಗಿದೆ. ಆದರೆ ಹೊರಗಿನ ಆಕಾರ ಬಹಳ ಕಾಲ ಹಾಗೆಯೇ ಉಳಿದುದರಿಂದ, ಬದಲಾವಣೆಯು ಕೀ ಕಳೆದುಹೋದ ದಿನದವರೆಗೂ ಒಡೆಯನ ಗಮನಕ್ಕೆ ಬರುವುದಿಲ್ಲ.

ಮಾಗಡಿ ತಾಲ್ಲೂಕಿನ ಕುದೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಹೋಬಳಿಯ ಕೇಂದ್ರ. ಸುತ್ತಲಿನ ಹಳ್ಳಿಗಳ ಜನ ವ್ಯವಹಾರಕ್ಕೆಂದು ಬಂದುಹೋಗುವ ಊರು. ಸಮೀಪದಲ್ಲಿ ಭೈರವನದುರ್ಗವಿದೆ, ರಜಾದಿನಗಳಲ್ಲಿ ಬೆಟ್ಟ ಹತ್ತಲು ಬರುವ ತರುಣರೂ ಉಂಟು. ಆ ಬೆಟ್ಟದ ಬುಡದಲ್ಲಿ ಎರಡು ವಾಹನಗಳು ನಿಂತಿವೆಯೆಂದು ವಾಚಕರು ಊಹಿಸಿಕೊಳ್ಳಲಿ. ಒಂದು ಸಾಧಾರಣವಾದ ಹಳೆಯ ಮೋಟಾರು ಸೈಕಲ್ಲು. ಮತ್ತೊಂದು ಇನ್ನೊಬ್ಬರಿಂದ ಕೊಂಡ ಕಾರು. ಎರಡರ ಒಡೆಯರೂ ಬಂಡೆಗಳ ಸಂದಿಯಲ್ಲಿ ಎಲ್ಲಿಯೋ ಕೀಯನ್ನು ಬೀಳಿಸಿಕೊಂಡಿದ್ದಾರೆ. ಇಬ್ಬರ ಮನೆಯಲ್ಲಿಯೂ ಎರಡನೆಯ ಕೀ ಇಲ್ಲ.

ಮೋಟಾರು ಸೈಕಲ್ಲಿನ ಒಡೆಯನ ಕಷ್ಟ ಅರ್ಧ ದಿನದ ಕಷ್ಟ. ಪೇಟೆಯ ಬದಿಯಲ್ಲಿ ಒಂದು ಪೆಟ್ಟಿಗೆ, ಒಂದು ಹಿಡಿಕೆ, ನಾಲ್ಕಾರು ಅರಗಳನ್ನು ಇಟ್ಟುಕೊಂಡು ಕೂರುವ ಕೀ ಮಾಡುವವನನ್ನು ಕರೆತಂದರಾಯಿತು. ಆತನು ಮಾಡುವ ಕೆಲಸವನ್ನು ನಿಂತು ನೋಡಬೇಕೆಂದು ನಾವು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳುವುದುಂಟು. ಬೀಗದೊಳಗಿನ ಉರುಳೆಯಲ್ಲಿ ಸಾಲಾಗಿ ಹಿತ್ತಾಳೆಯ ತೆಳು ಬಿಲ್ಲೆಗಳಿವೆ. ಒಂದೊಂದನ್ನೂ ಒಂದು ಸಣ್ಣ ಸ್ಪ್ರಿಂಗು ಹೊರಕ್ಕೆ ತಳ್ಳುತ್ತಿರುತ್ತದೆ. ಸರಿಯಾದ ಕೀ ಒಳಹೊಕ್ಕಾಗ ಬಿಲ್ಲೆಗಳೆಲ್ಲ ಉರುಳೆಯ ಮೈಮಟ್ಟಕ್ಕೆ ಬಂದು ನಿಲ್ಲುವುವು, ಉರುಳೆ ತಿರುಗುವುದು. ಕೀ ಮಾಡುವವನು ಹಲ್ಲು ಕೊರೆಯದ ಖಾಲಿ ಕೀಯೊಂದನ್ನು ಒಳಗೆ ತೂರಿಸಿ ಮೆಲ್ಲಗೆ ತಿರುಚುವನು. ಬಿಗಿಯಾಗಿ ಸಿಕ್ಕಿಕೊಂಡ ಬಿಲ್ಲೆಯು ಮೆದುವಾದ ಲೋಹದ ಮೇಲೆ ಕೂದಲೆಳೆಯಂತಹ ಗೀರನ್ನು ಬಿಡುವುದು. ಗೀರು ಬಿದ್ದ ಕಡೆ ಅರದಿಂದ ಒಂದೆರಡು ಸಲ ಉಜ್ಜಿ ಮತ್ತೆ ತೂರಿಸುವನು. ಗೀರು ಬೀಳುವುದು ನಿಂತ ಕಡೆ ಕೈ ತಡೆಯುವನು. ಬೀಗವೇ ತನ್ನ ಕೀಯ ನಕ್ಷೆಯನ್ನು ಬರೆದುಕೊಡುತ್ತದೆ; ಆತನು ಅದನ್ನು ಓದುತ್ತಾನೆ. ಶಾಲೆಯ ಪ್ರಯೋಗಶಾಲೆಗಳಲ್ಲಿ ಇಷ್ಟು ನಯವಾದ ಅಳತೆಯ ಕೆಲಸ ಅಪರೂಪ.

ಈ ಬೀಗದ ಭದ್ರತೆ ಎಷ್ಟು? ಎಂಟು ಬಿಲ್ಲೆಗಳು, ಒಂದೊಂದಕ್ಕೂ ನಾಲ್ಕು ಬಗೆಯ ಆಳಗಳು ಎಂದಿಟ್ಟುಕೊಂಡರೆ, ನಾಲ್ಕನ್ನು ಎಂಟು ಸಲ ಗುಣಿಸಿ 65,536 ಬೇರೆಬೇರೆ ಕೀಗಳಾಗುವುವು. ತೀರ ಕಡಿದಾದ ಹಲ್ಲುಗಳೂ, ಎಲ್ಲ ಒಂದೇ ಆಳದ ಹಲ್ಲುಗಳೂ ಬಳಕೆಗೆ ಬಾರದ ಕಾರಣ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ. ಬೀಗ ಸವೆದಾಗ ಇನ್ನೂ ಕಡಿಮೆ. ಒಬ್ಬರ ಸ್ಕೂಟರಿನ ಕೀ ಮತ್ತೊಬ್ಬರ ಸ್ಕೂಟರಿಗೆ ಹೊಂದಿದ ಪ್ರಸಂಗಗಳನ್ನು ವಾಚಕರು ಕೇಳಿರಬಹುದು.

ಇನ್ನು ಕಾರಿನ ಒಡೆಯ. ಅದೇ ಕೀ ಮಾಡುವವನು ಅದೇ ಅರದಿಂದ ಕಾರಿಗೂ ಒಂದು ಕೀ ಮಾಡಿಕೊಡಬಲ್ಲನು. ಬಾಗಿಲು ತೆರೆಯುವುದು, ಚಾಲಕನ ಮುಂದಿರುವ ಬೀಗವೂ ತಿರುಗುವುದು. ಎಂಜಿನ್ನು ಮಾತ್ರ ಹೊತ್ತಿಕೊಳ್ಳದು. ಕೆಲವು ಕಾರುಗಳಲ್ಲಿ ಕ್ಷಣಕಾಲ ಗುಡುಗಿ ಸುಮ್ಮನಾಗುವುದು. ಕಳೆದುಹೋದ ಕೀಯ ಕರಿಯ ಪ್ಲಾಸ್ಟಿಕ್ ಹಿಡಿಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ವಸ್ತುವಿತ್ತು. ಹೊಸ ಕೀಯಲ್ಲಿ ಅದು ಇಲ್ಲ.

ಆ ವಸ್ತುವಿನಲ್ಲಿ ಸಣ್ಣದೊಂದು ತಂತಿಯ ಸುರುಳಿಯೂ ಒಂದು ಚಿಪ್ಪೂ ಇವೆ, ಬ್ಯಾಟರಿ ಇಲ್ಲ. ಬೀಗದ ಬಾಯಿಯ ಸುತ್ತ ಕಾರಿನವರು ಇನ್ನೊಂದು ಸುರುಳಿಯನ್ನು ಉಂಗುರದಂತೆ ಕೂರಿಸಿರುವರು. ಅದರಲ್ಲಿ ಸೆಕೆಂಡಿಗೆ ಸುಮಾರು 1,25,000 ಸಲ ಆವರ್ತಿಸುವ ವಿದ್ಯುತ್ತನ್ನು ಹರಿಸಿದಾಗ, 1831ರಲ್ಲಿ ಫ್ಯಾರಡೆ ಕಂಡ ಪ್ರೇರಣೆಯ ನಿಯಮದಂತೆ, ಕೀಯೊಳಗಿನ ಸುರುಳಿಯಲ್ಲಿಯೂ ವಿದ್ಯುತ್ತು ಹುಟ್ಟಿ ಚಿಪ್ಪು ಎಚ್ಚರಗೊಳ್ಳುವುದು. ಚಿಪ್ಪು ಉತ್ತರ ಕೊಡುವ ರೀತಿ ಇನ್ನೂ ಸೊಗಸಾಗಿದೆ. ಅದು ತನ್ನ ಸುರುಳಿಯ ಮೇಲಿನ ಹೊರೆಯನ್ನು ಹೆಚ್ಚು ಕಡಿಮೆ ಮಾಡುವುದು. ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿಯ ಹೊರೆ ಮೊದಲನೆಯದರಲ್ಲಿ ಕಾಣುವಂತೆ, ಆ ಏರಿಳಿತ ಕಾರಿನ ಸುರುಳಿಯಲ್ಲಿ ಕಾಣುವುದು. ಈ ಆವೃತ್ತಿಯ ಅಲೆಯ ಉದ್ದ 2,400 ಮೀಟರು. ಅದಕ್ಕೆ ಹೋಲಿಸಿದರೆ ಕೀಗೂ ಬೀಗಕ್ಕೂ ಇರುವ ಅಂತರ ಏನೂ ಅಲ್ಲ. ಆದುದರಿಂದ ಇದು ರೇಡಿಯೋ ಪ್ರಸಾರದ ಜಾತಿಗಲ್ಲ, ಟ್ರಾನ್ಸ್‌ಫಾರ್ಮರಿನ ಜಾತಿಗೆ ಸೇರಿದ್ದು. ಸುರುಳಿಯಿಂದ ದೂರ ಸರಿದಂತೆ ಕ್ಷೇತ್ರದ ಬಲವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದು. ದೂರ ಎರಡರಷ್ಟಾದರೆ ಬಲ ಎಂಟನೆಯ ಒಂದು ಪಾಲು. ಗುಂಡಿ ಒತ್ತಿ ಚಾಲನೆ ಮಾಡುವ ಹೊಸ ಕಾರುಗಳಲ್ಲಿ ಕೀ ಜೇಬಿನಲ್ಲಿಯೇ ಇರುವುದು, ಅದರೊಳಗೆ ಬ್ಯಾಟರಿಯೂ ಇರುವುದು. ಮೂಲತತ್ತ್ವ ಮಾತ್ರ ಬೇರೆಯಲ್ಲ.

ಮಾತುಕತೆಯ ಸ್ವರೂಪವೇನೆಂದರೆ, ಕಾರು ಪ್ರತಿ ಸಲವೂ ಒಂದು ಹೊಸ ಸಂಖ್ಯೆಯನ್ನು ಎಸೆಯುವುದು. ಚಿಪ್ಪು ತನ್ನಲ್ಲಿರುವ ಗುಪ್ತಸಂಖ್ಯೆಯೊಡನೆ ಅದನ್ನು ಬೆರೆಸಿ ಲೆಕ್ಕಮಾಡಿ ಉತ್ತರ ಹೇಳುವುದು. ಗುಪ್ತಸಂಖ್ಯೆಯನ್ನು ಎಂದೂ ಹೊರಗೆ ಉಚ್ಚರಿಸುವುದಿಲ್ಲ. ಆ ಸಂಖ್ಯೆ 40 ಬಿಟ್ಟುಗಳದಾದರೆ ಸಾಧ್ಯತೆಗಳು ಸುಮಾರು 1.1 ಲಕ್ಷ ಕೋಟಿ. ಐದು ಸೆಕೆಂಡಿಗೊಂದರಂತೆ ಪರೀಕ್ಷಿಸಿದರೆ ಲೋಹದ ಕೀಗಳ 65,536 ಬಗೆಗಳೂ ನಾಲ್ಕು ದಿನದೊಳಗೆ ಮುಗಿಯುವುವು. ಈ ಸಂಖ್ಯೆಗಳು ಮುಗಿಯಲು 1,70,000 ವರ್ಷಗಳಿಗೂ ಮೇಲೆ ಬೇಕು. ಯೂರೋಪಿನ ಒಕ್ಕೂಟವು 1998ರಿಂದ ಹೊಸ ಕಾರುಗಳಿಗೆ ಇಂತಹ ಎಂಜಿನ್ ತಡೆಯನ್ನು ಕಡ್ಡಾಯ ಮಾಡಿತು. ಕಾರು ಕಳವು ಅಲ್ಲಿ ಗಮನಾರ್ಹವಾಗಿ ಇಳಿಯಿತು. ಈ ಸಾಧನದ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ.

ಹಾಗಾದರೆ ಬೆಟ್ಟದ ಬುಡದಲ್ಲಿ ನಿಂತಿರುವ ಒಡೆಯನ ಗತಿ? ಕಳೆದುಹೋದ ಬಗ್ಗೆ ಪೊಲೀಸರಲ್ಲಿ ದೂರಿತ್ತು ಸ್ವೀಕೃತಿ ಪಡೆಯಬೇಕು. ವಾಹನದ ನೋಂದಣಿ ಪತ್ರ, ತನ್ನ ಗುರುತಿನ ಚೀಟಿ ಇವುಗಳೊಡನೆ ಕಂಪೆನಿಯ ಮಾರಾಟಗಾರರ ಬಳಿಗೆ ಹೋಗಬೇಕು. ಅವರು ವಾಹನದ ಚಾಸಿ ಸಂಖ್ಯೆಯನ್ನು ಕಂಪೆನಿಗೆ ಬರೆದು, ಕೀಯ ಹಲ್ಲುಗಳ ಸಂಕೇತವನ್ನೂ ಎಂಜಿನ್ ತಡೆಯ ಗುಪ್ತ ಅಂಕಿಯನ್ನೂ ತರಿಸುವರು. ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಹೋಗಬೇಕು, ಇಲ್ಲವೇ ಯಂತ್ರವನ್ನು ಕಾರಿನ ಬಳಿಗೆ ತರಿಸಬೇಕು. ಚಾಲಕನ ಕಾಲಿನ ಮೇಲ್ಭಾಗದಲ್ಲಿರುವ ಪರೀಕ್ಷಾ ಕಿಂಡಿಗೆ ಯಂತ್ರವನ್ನು ಜೋಡಿಸಿ ಹೊಸ ಚಿಪ್ಪನ್ನು ಕಾರಿಗೆ ಪರಿಚಯ ಮಾಡಿಸುವರು. ಹಾಗೆ ಮಾಡಿಸುವಾಗ ಹಳೆಯ ಕೀಯ ಸಂಖ್ಯೆಯನ್ನು ಕಾರಿನ ನೆನಪಿನಿಂದ ಅಳಿಸಿಹಾಕಲು ಹೇಳಬೇಕು. ಬಂಡೆಯ ಸಂದಿಯಲ್ಲಿ ಬಿದ್ದಿರುವುದು ಯಾರ ಕೈಗೆ ಸಿಕ್ಕೀತೆಂದು ಬಲ್ಲವರಾರು? ಒಂದು ಕೀಯಾದರೂ ಉಳಿದಿದ್ದರೆ ಈ ಕೆಲಸ ಎಷ್ಟೋ ಸುಲಭ, ಅಗ್ಗ. ಒಂದೂ ಉಳಿದಿಲ್ಲವಾದರೆ ದಿನಗಳು ಹಿಡಿಯುವುವು. ಖರ್ಚು ನೂರುಗಳಲ್ಲಿ ನಿಲ್ಲದೆ ಸಾವಿರಗಳಿಗೆ ಏರುವುದು. ಕಾರು ಕಳವಾದಾಗ ವಿಮಾ ಕಂಪೆನಿಯವರು ಎರಡು ಕೀಗಳನ್ನೂ ಒಪ್ಪಿಸಿರೆಂದು ಕೇಳುವುದು ಸಾಮಾನ್ಯ. ಒಂದೇ ಕೀಯಿರುವ ಕಾರನ್ನು ಕೊಳ್ಳುವವರು ಇದನ್ನೂ ಯೋಚಿಸುವುದು ಒಳಿತು.

ಇಲ್ಲಿ ನಾವು ಎತ್ತುವ ಪ್ರಶ್ನೆ ಖರ್ಚಿನದಲ್ಲ. ಕಾರಿನ ಬೆಲೆಯನ್ನು ಕೊಟ್ಟವನು ಕಾರಿಗೆ ಒಡೆಯನಾದನು. ಆದರೆ ಆ ಕಾರನ್ನು ನಡೆಸುವ ಸಂಖ್ಯೆಯು ದೂರದ ಕಂಪೆನಿಯೊಂದರ ಲೆಕ್ಕದ ಪುಸ್ತಕದಲ್ಲಿದೆ, ಒಡೆಯನ ಬಳಿ ಇಲ್ಲ. ಇದು ಯಾವ ಬಗೆಯ ಒಡೆತನ? ಕಂಪೆನಿಗಳ ಉತ್ತರ ಸಿದ್ಧವಾಗಿದೆ: ಈ ವಿದ್ಯೆ ಬೀದಿಗೆ ಬಂದರೆ ಕಳ್ಳರಿಗೆ ಸುಗ್ಗಿ. ಕೇಳಲು ಸರಿಯೆನಿಸುವ ಈ ವಾದ ಬೀಗಗಳ ಇತಿಹಾಸದಲ್ಲಿ ಹೊಸದೇನಲ್ಲ, ಅದರ ಸೋಲೂ ಹೊಸದಲ್ಲ.

1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆಂದು ಬಂದ ಅಮೆರಿಕದ ಹಾಬ್ಸ್ ಎಂಬ ಬೀಗದ ಕುಶಲಿಯು ಆ ದೇಶದ ಹೆಮ್ಮೆಯಾಗಿದ್ದ ಚಬ್ ಬೀಗವನ್ನು ಸುಲಭವಾಗಿ ತೆರೆದನು. ಬಹುಮಾನದ ಸವಾಲಿನೊಡನೆ ದಶಕಗಳ ಕಾಲ ಅಂಗಡಿಯ ಕಿಟಕಿಯಲ್ಲಿ ತೂಗುತ್ತಿದ್ದ ಬ್ರಾಮಾ ಬೀಗವನ್ನು 16 ದಿನಗಳಲ್ಲಿ ಹರಡಿದ 51 ಗಂಟೆಗಳ ದುಡಿಮೆಯಿಂದ ಗೆದ್ದನು. ಇಂತಹ ವಿಷಯವನ್ನು ಬಹಿರಂಗವಾಗಿ ಚರ್ಚಿಸುವುದು ಅಪಾಯವೆಂದು ಆಗಲೂ ಕೂಗೆದ್ದಿತು. ಕಳ್ಳರು ತಮ್ಮ ಕಸುಬನ್ನು ನಮಗಿಂತ ಚೆನ್ನಾಗಿ ಬಲ್ಲರು, ತಿಳಿಯದವರು ಬೀಗ ಕೊಳ್ಳುವ ಸಜ್ಜನರು ಮಾತ್ರ ಎಂಬುದು ಹಾಬ್ಸನ ಪಕ್ಷದವರ ಉತ್ತರವಾಗಿತ್ತು. 1883ರಲ್ಲಿ ಕೆರ್ಕಾಫ್ಸ್ ಎಂಬ ಭಾಷಾವಿದ್ವಾಂಸನು ಸೈನ್ಯದ ಗುಪ್ತಲಿಪಿಯನ್ನು ಕುರಿತು ಬರೆಯುತ್ತ ಇದನ್ನೇ ಒಂದು ತತ್ತ್ವವಾಗಿ ನಿಲ್ಲಿಸಿದನು: ಲಿಪಿಯ ವಿಧಾನ ಶತ್ರುವಿಗೆ ಸಿಕ್ಕರೂ ಹಾನಿಯಾಗಬಾರದು, ಗುಟ್ಟಾಗಿರಬೇಕಾದುದು ಕೀ ಒಂದೇ.

ಕಾರಿನವರು ಈ ತತ್ತ್ವವನ್ನು ತಲೆಕೆಳಗು ಮಾಡಿದರು. ವಿಧಾನವನ್ನು ಗುಟ್ಟಾಗಿಟ್ಟರು, ಕೀಯನ್ನು ಚಿಕ್ಕದಾಗಿಟ್ಟರು. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಜೊತೆಗಾರರೂ 40 ಬಿಟ್ಟಿನ ಒಂದು ಚಿಪ್ಪಿನ ಗುಪ್ತ ವಿಧಾನವನ್ನು ಹೊರಗಿನಿಂದ ಪರೀಕ್ಷಿಸಿಯೇ ಕಂಡುಹಿಡಿದು, ನಾವು ಮೇಲೆ ಲಕ್ಷಾಂತರ ವರ್ಷಗಳೆಂದ ಹುಡುಕಾಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. 2013ರಲ್ಲಿ ಮತ್ತೊಂದು ಚಿಪ್ಪಿನ ದೋಷವನ್ನು ವಿವರಿಸುವ ಲೇಖನವನ್ನು ಫೋಕ್ಸ್‌ವ್ಯಾಗನ್ ಕಂಪೆನಿಯ ಕೋರಿಕೆಯಂತೆ ಇಂಗ್ಲೆಂಡಿನ ಹೈಕೋರ್ಟು ತಡೆಹಿಡಿಯಿತು. ಅದು ಬೆಳಕು ಕಂಡದ್ದು 2015ರಲ್ಲಿ. ಲೇಖನ ನಿಂತಿತು, ದೋಷ ನಿಂತಿತೆ? 2012ರ ಸುಮಾರಿಗೇ ಇಂಗ್ಲೆಂಡಿನ ಕಳ್ಳರು ಪರೀಕ್ಷಾ ಕಿಂಡಿಗೆ ಯಂತ್ರ ಜೋಡಿಸಿ, ಖಾಲಿ ಕೀಗೆ ಜೀವ ತುಂಬಿ, ಬೆಲೆಬಾಳುವ ಕಾರುಗಳನ್ನು ಕೊಂಡೊಯ್ಯುತ್ತಿದ್ದರು. ಗುಟ್ಟು ತಲುಪದಿದ್ದುದು ಕುದೂರಿನಂತಹ ಊರಿನ ಕೀ ಮಾಡುವವನಿಗೆ, ತಲುಪಿದ್ದು ಲಂಡನ್ನಿನ ಕಳ್ಳನಿಗೆ.

ನಮ್ಮ ದೇಶದಲ್ಲಿ ಈ ವಿಷಯ ವಿಚಾರಣೆಗೆ ಬಾರದೆ ಇಲ್ಲ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗವು, ಬಿಡಿಭಾಗಗಳನ್ನೂ ದೋಷಪರೀಕ್ಷೆಯ ಉಪಕರಣಗಳನ್ನೂ ಸ್ವತಂತ್ರ ಮೆಕ್ಯಾನಿಕರಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತು. ತರಬೇತಿಯಿಲ್ಲದವರ ಕೈಗೆ ಸಿಕ್ಕರೆ ಅಪಾಯವೆಂಬ ಕಂಪೆನಿಗಳ ವಾದ ಅಲ್ಲಿ ನಿಲ್ಲಲಿಲ್ಲ. ದಂಡದ ಪ್ರಶ್ನೆ ಮೇಲ್ಮನವಿಗಳಿಗೆ ಹೋಯಿತು. 2022ರಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯನ್ನು ನೇಮಿಸಿ, ಅದೇ ವರ್ಷದ ಕೊನೆಗೆ ಒಂದು ಜಾಲತಾಣವನ್ನೂ ತೆರೆಯಿತು.

ಹಾಗೆಂದು ಕೀ ತಯಾರಿಸುವ ಯಂತ್ರವನ್ನೂ ಗುಪ್ತ ಅಂಕಿಗಳನ್ನೂ ಕೇಳಿದವರಿಗೆಲ್ಲ ಕೊಡಬೇಕೆನ್ನುವವರ ಜೊತೆಗೂ ನಾವಿಲ್ಲ. ನಡುದಾರಿ ಉಂಟು, ಬೇರೆ ಕಡೆ ಅದನ್ನು ನಡೆದೂ ತೋರಿಸಿದ್ದಾರೆ. ಅಮೆರಿಕದಲ್ಲಿ ಪೂರ್ವಾಪರ ಪರಿಶೀಲನೆಯಾಗಿ ಪಟ್ಟಿಯಲ್ಲಿ ಹೆಸರು ದಾಖಲಾದ ಬೀಗದ ಕುಶಲಿಗಳು ಕಂಪೆನಿಯಿಂದಲೇ ಸಂಕೇತಗಳನ್ನು ಪಡೆಯಬಹುದು. ಯಾವ ಕಾರಿಗೆ, ಯಾರಿಗಾಗಿ ಪಡೆದರೆಂಬುದು ಲೆಕ್ಕಕ್ಕೆ ಸೇರುವುದು. ಯೂರೋಪಿನಲ್ಲಿಯೂ ಸ್ವತಂತ್ರ ದುರಸ್ತಿಗಾರರಿಗೆ ಅಂಗೀಕಾರ ನೀಡುವ ಇಂತಹುದೇ ಏರ್ಪಾಡು ಈಚೆಗೆ ಬಂದಿದೆ. ಮಾಗಡಿ ತಾಲ್ಲೂಕಿಗೆ ಅಂತಹವರು ಇಬ್ಬರಿದ್ದರೆ ಸಾಕು. ಅರ ಹಿಡಿದು ಗೀರನ್ನು ಓದಬಲ್ಲ ಕಣ್ಣುಳ್ಳವನಿಗೆ ಆ ಯಂತ್ರವನ್ನು ಕಲಿಯುವುದು ಹೆಚ್ಚಿನ ಮಾತಲ್ಲ. ಕಲಿಸದೆಹೋದರೆ ಇನ್ನು ಕೆಲವು ವರ್ಷಗಳಲ್ಲಿ ಆತನ ಪೆಟ್ಟಿಗೆಯಲ್ಲಿ ಉಳಿಯುವುದು ಕೋಣೆಯ ಬೀಗಗಳ ಕೆಲಸ ಮಾತ್ರ.

ಎರಡನೆಯದು, ಇನ್ನೂ ಸುಲಭವಾದುದು: ಗುಪ್ತ ಅಂಕಿಯನ್ನು ಮುಚ್ಚಿದ ಲಕೋಟೆಯಲ್ಲಿ ಒಡೆಯನಿಗೆ ಕೊಡುವುದು. ಇದು ಹಗಲುಗನಸಲ್ಲ, ಫಿಯಟ್ ಕಂಪೆನಿಯವರು ತಮ್ಮ ಕಾರುಗಳೊಡನೆ ಇಂತಹ ಸಂಖ್ಯೆಗಳಿರುವ ಒಂದು ಕಾರ್ಡನ್ನು ಕೊಡುತ್ತಿದ್ದರು. ಅದು ಮನೆಯ ಪೆಟ್ಟಿಗೆಯಲ್ಲಿ ನೋಂದಣಿ ಪತ್ರದೊಡನೆ ಇರಲಿ. ಕಾರು ಕೈ ಬದಲಾಯಿಸುವಾಗ ಕಾರ್ಡೂ ಬದಲಾಗಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಮಾರುವವನು ತುಂಬುವ 29ನೆಯ ನಮೂನೆಯಲ್ಲಿ, ನೋಂದಣಿ ಪತ್ರವನ್ನೂ ವಿಮೆಯ ಪತ್ರವನ್ನೂ ಕೊಳ್ಳುವವನಿಗೆ ಒಪ್ಪಿಸಿದ್ದೇನೆಂದು ಹೇಳುವ ಸಾಲೊಂದಿದೆ. ಎಷ್ಟು ಕೀಗಳನ್ನು ಒಪ್ಪಿಸಿದೆ, ಸಂಖ್ಯೆಯ ಕಾರ್ಡನ್ನು ಒಪ್ಪಿಸಿದೆನೇ ಇಲ್ಲವೇ ಎಂಬ ಇನ್ನೊಂದು ಸಾಲನ್ನು ಅದರ ಕೆಳಗೆ ಸೇರಿಸಲು ಹೊಸ ಕಾಯಿದೆ ಬೇಕಾಗಿಲ್ಲ. ನಿಯಮದ ತಿದ್ದುಪಡಿ ಸಾಕು.