ಅಡಿಕೆ ಸಸಿಯ ನುಸಿಗೆ ಮದ್ದೆಲ್ಲಿದೆ?

ಬೇಸಿಗೆ ಕಾಲಿಟ್ಟೊಡನೆ ಮಲೆನಾಡಿನ ಅಡಿಕೆ ಸಸಿಗಳ ಗರಿ ಹಳದಿಗೆ ತಿರುಗತೊಡಗುತ್ತದೆ. ನೀರು ಸಾಲದೆಂದೋ ಗೊಬ್ಬರ ಸಾಲದೆಂದೋ ರೈತರು ಭಾವಿಸುತ್ತಾರೆ. ಗರಿಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅನೇಕ ಸಲ ರಸ ಹೀರುವ ಕೆಂಪು ನುಸಿಗಳ ಹಿಂಡು ಕಾಣುತ್ತದೆ. 1924ರಲ್ಲಿ ಕೊಯಮತ್ತೂರಿನ ತೆಂಗಿನ ಗರಿಯಿಂದ ವಿಜ್ಞಾನಕ್ಕೆ ಪರಿಚಯವಾದ ಜೀವಿಯಿದು.

ನುಸಿ ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ ಎಂಟು ಕಾಲಿನ ಪ್ರಾಣಿ. ಕೀಟಗಳಿಗೆಂದು ತಯಾರಾದ ಅನೇಕ ವಿಷಗಳು ಅದನ್ನು ಕೊಲ್ಲಲಾರವು. ಅದನ್ನೇ ತಿಂದು ಬದುಕುವ ಪುಟ್ಟ ಕಪ್ಪು ಗುಲಗಂಜಿ ಹುಳುಗಳನ್ನು ಕೊಲ್ಲುತ್ತವೆ. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಸಿಂಪಡಿಸಿದ ಪಾಶ್ಚಾತ್ಯರ ಸೇಬಿನ ತೋಟಗಳಲ್ಲಿ ನುಸಿಯ ಹಾವಳಿ ಹೆಚ್ಚಲು ಇದೂ ಕಾರಣವಾಯಿತು.

ಹಿರಿಯರು ಎಳೆ ಸಸಿಗೆ ಬಾಳೆಯ ನೆರಳು ಕೊಡುತ್ತಿದ್ದರು. ಬಯಲು ಗದ್ದೆಯಲ್ಲಿ ನೆರಳಿಲ್ಲದೆ ತೋಟ ಎಬ್ಬಿಸುವವರು ನುಸಿಗೆ ಬೇಕಾದ ಬಿಸಿಲನ್ನೂ ಒಣಹವೆಯನ್ನೂ ತಾವೇ ಒದಗಿಸುತ್ತಿದ್ದಾರೆ.

ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಗರಿಯ ಅಡಿಭಾಗವನ್ನು ಪರೀಕ್ಷಿಸಬೇಕು. ನುಸಿ ಕಂಡ ಸಸಿಗೆ ಕೆಳಗಿನಿಂದ ರಭಸವಾಗಿ ನೀರು ಚಿಮ್ಮಿಸಬೇಕು. ತೀರ ಕೆಟ್ಟ ಕೆಳಗರಿಗಳನ್ನು ಕತ್ತರಿಸಿ ಸುಡಬೇಕು. ಗುಲಗಂಜಿ ಹುಳುಗಳು ಓಡಾಡುತ್ತಿದ್ದರೆ ಕೆಲವು ದಿನ ಕಾಯುವುದೇ ಲೇಸು. ಹಾವಳಿ ತಗ್ಗದಿದ್ದರೆ ಬೇವಿನ ಎಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಸಿಂಪಡಿಸಬಹುದು.

ವಿಷದ ಡಬ್ಬಿ ತೆರೆಯುವ ಮೊದಲು ಗರಿಯನ್ನು ತಿರುವಿ ನೋಡುವ ಅಭ್ಯಾಸ ಪ್ರತಿ ಮನೆಯಲ್ಲೂ ಬೆಳೆಯಬೇಕು. ಶಾಲೆಯ ಮಕ್ಕಳ ಕೈಗೊಂದು ಭೂತಗನ್ನಡಿ ಕೊಟ್ಟರೆ ಅರ್ಧ ಕೆಲಸ ಆದಂತೆ.